ಮೊದಲು ಎದ್ದವಳು

ನೆರಿಸಳ ಅಂಗಡಿಯ ಬಾಗಿಲಿಗೆ ಒಂದು ಗಂಟೆ ಕಟ್ಟಿದೆ. ಬ್ರೆಂಡಾ ಬಾಗಿಲು ತಳ್ಳಿದಾಗಲೆಲ್ಲ ಅದು ಕಿಣಿ ಅನ್ನುತ್ತದೆ. ಒಳಗೆ ಧಾರಾಳವಾಗಿ ಹರಿಯುತ್ತಿದ್ದ ವೆಲ್ಷ್ ಮಾತು ಅಲ್ಲಿಗೇ ನಿಂತು, ಇದ್ದವರೆಲ್ಲ ಒಟ್ಟಿಗೆ ಇಂಗ್ಲಿಷಿಗೆ ಹೊರಳುತ್ತಾರೆ. "ಬನ್ನಿ ಬ್ರೆಂಡಾ, ಏನು ಚಳಿ ಅಲ್ವಾ!" ಸಿಟ್ಟಿಲ್ಲ, ಅಸಡ್ಡೆಯಿಲ್ಲ, ಬರೀ ಮರ್ಯಾದೆ. ಆ ಮರ್ಯಾದೆಗಿಷ್ಟು ಬೆಂಕಿ ಬೀಳ! ಏಳು ಚಳಿಗಾಲದಿಂದ ಅದನ್ನೇ ನುಂಗಿ ನುಂಗಿ ಅವಳಿಗೆ ಅಜೀರ್ಣವಾಗಿತ್ತು.

ಬರ್ಮಿಂಗ್‌ಹ್ಯಾಮಿನಲ್ಲಿದ್ದ ಮನೆ ಮಾರಿ, ಗಂಡ ಕಾಲಿನ್ ಜೊತೆ ಬಂದು, ವೇಲ್ಸಿನ ತನತ್ ಕಣಿವೆಯ ಈ ಊರಲ್ಲಿ ನಾಲ್ಕು ಕೋಣೆಯ ಗೆಸ್ಟ್‌ಹೌಸ್ ಕೊಂಡವಳು ಬ್ರೆಂಡಾ. ಬೇಸಿಗೆಯಲ್ಲಿ ಜಲಪಾತ ನೋಡುವವರು, ಬೆಟ್ಟ ಹತ್ತುವವರು, ಕೆಸರು ಬೂಟು ಹಾಕಿಕೊಂಡೇ ಮೆಟ್ಟಿಲೇರುವವರು, ಹೀಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಅಕ್ಟೋಬರ್ ಕಳೆದರೆ ಮುಗಿಯಿತು, ಈಸ್ಟರ್‌ವರೆಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಎರಡನೇ ಚಳಿಗಾಲ ಮುಗಿಯುವಷ್ಟರಲ್ಲಿ ಕಾಲಿನ್, "ಈ ಊರಲ್ಲಿ ಮಳೆ ನಿಲ್ಲಲ್ಲ, ನಮ್ಮ ಜೊತೆ ಮಾತು ಶುರುವಾಗಲ್ಲ. ನಾನು ಹೊರಟೆ" ಅಂದ. ಹೊರಟೂ ಹೋದ. ಬ್ರೆಂಡಾ ಉಳಿದಳು. ಊರಿನ ಮೇಲಿನ ಪ್ರೀತಿಗೆ ಉಳಿದಳು ಅಂತ ಅವಳು ಹೇಳಿಕೊಳ್ಳುತ್ತಿದ್ದಳು. ಹಟಕ್ಕೆ ಉಳಿದಳು ಅಂತ ನಾವು ಹೇಳುತ್ತೇವೆ.

ಪೇಟೆಯಲ್ಲಿ ನಡೆಯುವ ವೆಲ್ಷ್ ತರಗತಿಗೂ ಹೋಗಿ ನೋಡಿದಳು. ಅಲ್ಲಿ ಕಲಿತದ್ದು ಏನು? ಇವತ್ತು ಮಳೆ, ನಿನ್ನೆಯೂ ಮಳೆ, ನನ್ನ ಹತ್ತಿರ ಒಂದು ನಾಯಿ ಇದೆ. ಅವಳ ಹತ್ತಿರ ನಾಯಿಯೇ ಇರಲಿಲ್ಲ. ಆ ವಾಕ್ಯಗಳನ್ನು ಬಾಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ ಒಂದು ಬಿಟ್ಟರೆ, ನೆರಿಸ್ ಮಗುವಿಗೆ ಹಲ್ಲು ಬಂದಿದ್ದು ನೋಡಿದ ಹಾಗೆ ನಕ್ಕು, ಇಂಗ್ಲಿಷಿನಲ್ಲಿ "ಎಷ್ಟು ಚೆನ್ನಾಗಿ ಕಲ್ತಿದೀರಿ!" ಅನ್ನುವಳು. ಬ್ರೆಂಡಾಳಿಗೆ ಹೊಗಳಿಕೆ ಬೇಡವಾಗಿತ್ತು. ಅವಳಿಗೆ ಬೇಕಾದದ್ದು ಇಷ್ಟೇ. ತಾನು ಒಳಗೆ ಕಾಲಿಟ್ಟಾಗ ಮಾತು ನಿಲ್ಲಬಾರದು.

ಆ ವರ್ಷ ನವೆಂಬರಿನಲ್ಲಿ ಮಾರ್ಗೆಡ್ ತಾನಾಗಿ ಬಂದಳು. ಎಪ್ಪತ್ತು ದಾಟಿದ ವಿಧವೆ, ಊರಿನ ಕೊನೆಯ ಪುಟ್ಟ ಮನೆಯಲ್ಲಿ ಒಬ್ಬಳೇ ಇರುವವಳು. ಬೇಸಿಗೆಯಲ್ಲಿ ಗೆಸ್ಟ್‌ಹೌಸಿಗೆ ಬಂದು ಹಾಸಿಗೆ ಹಾಸಿ, ಬೆಳಗಿನ ತಿಂಡಿಗೆ ಕೈಜೋಡಿಸಿ ಹೋಗುತ್ತಿದ್ದಳು. ಚಳಿಗಾಲದಲ್ಲಿ ಯಾವತ್ತೂ ಬಂದವಳಲ್ಲ. ಏಪ್ರನ್ ಕಟ್ಟಿಕೊಳ್ಳುತ್ತಾ, "ನಿಮಗೆ ನಮ್ಮ ಮಾತು ಬೇಕು, ನನಗೆ ಬೆಚ್ಚಗಿನ ಅಡುಗೆಮನೆ ಬೇಕು" ಅಂದಳು. "ಆದ್ರೆ ಒಂದು. ಈ ಹೊಸಿಲು ದಾಟಿದ ಮೇಲೆ ನನ್ನ ಬಾಯಲ್ಲಿ ಇಂಗ್ಲಿಷ್ ಬರಲ್ಲ. ಅರ್ಥ ಆಗಲಿಲ್ವಾ, ಆಗೋವರೆಗೂ ನಿಂತ್ಕೊಂಡಿರಿ."

ಆಮೇಲೆ ಬಹಳ ದಿನ ಮಾರ್ಗೆಡ್ ಅಲ್ಲಿ ಇಂಗ್ಲಿಷ್ ಆಡಲಿಲ್ಲ.

ಖಾಲಿ ಗೆಸ್ಟ್‌ಹೌಸಿನಲ್ಲಿ ಕೆಲಸವೇನಿರುತ್ತದೆ ಅಂತ ಕೇಳುವವರು ಅಲ್ಲಿ ಒಂದು ಜನವರಿ ಕಳೆಯಲಿ. ಯಾರೂ ಮಲಗದ ಹಾಸಿಗೆ ತೇವ ಹೀರುತ್ತದೆ. ಯಾರೂ ತಿರುಗಿಸದ ನಲ್ಲಿ ಹೆಪ್ಪುಗಟ್ಟಿ ಒಡೆಯುತ್ತದೆ. ಅದಕ್ಕೆ ಬ್ರೆಂಡಾ ವಾರಕ್ಕೊಂದು ಕೋಣೆಯಲ್ಲಿ, ತನ್ನ ಮನೆಯಲ್ಲೇ ತಾನು ಗಿರಾಕಿಯ ಹಾಗೆ ಮಲಗುತ್ತಿದ್ದಳು. ಬೆಳಿಗ್ಗೆ ಮಾರ್ಗೆಡ್ ಬಂದರೆ ಇಬ್ಬರೂ ಸೇರಿ ಹಾಸಿಗೆ ಮಗುಚುವುದು, ಕಂಬಳಿಯನ್ನು ಬೆಂಕಿಯ ಮುಂದೆ ಹರಡುವುದು, ಬಾತ್‌ರೂಮಿನ ಗೋಡೆಯ ಬೂಷ್ಟು ಉಜ್ಜುವುದು. ದುಪ್ಪಟಿ ಮಡಿಸುವಾಗ ಒಂದು ತುದಿ ಇವಳ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ.

"ಎಳಿ. ಇನ್ನೂ ಎಳಿ. ಮೂಲೆ ಕೊಡಿ. ಈಗ ನಿನ್ನೆ ರಾತ್ರಿ ಏನು ಉಂಡ್ರಿ ಹೇಳಿ."

"ಸೂಪ್."

"ಬರೀ ಸೂಪ್ ಅಂದ್ರೆ ನಾಯಿ ಬೊಗಳಿದ ಹಾಗಾಯ್ತು. ಯಾವ ಸೂಪು, ಯಾರು ಮಾಡಿದ್ದು, ಉಪ್ಪು ಸಾಕಿತ್ತಾ?"

ಹೀಗೆ ಬೈಸಿಕೊಂಡು ಬೈಸಿಕೊಂಡು ಬ್ರೆಂಡಾಳ ನಾಲಿಗೆ ತಿರುಗಿತು. ಕ್ರಿಸ್‌ಮಸ್ಸಿಗೆ ಮುಂಚೆ ಒಂದು ದಿನ ಮಾರ್ಗೆಡ್ ಕಿಟಕಿ ಒರೆಸುತ್ತಾ, ಹಿಂತಿರುಗಿಯೂ ನೋಡದೆ, "ಆ ಬಟ್ಟೆ ಇತ್ತ ಎಸಿ ಕಣೇ" ಅಂದುಬಿಟ್ಟಳು. 'ನೀವು' ಬಿಟ್ಟು 'ನೀನು'! ಬ್ರೆಂಡಾ ಬಟ್ಟೆ ಎಸೆದು, ಬಾತ್‌ರೂಮಿಗೆ ಹೋಗಿ, ನಲ್ಲಿ ಉಜ್ಜುವ ನೆಪದಲ್ಲಿ ಕಣ್ತುಂಬ ಅತ್ತಳು. ಆಮೇಲೆ ಅಂಗಡಿಯಲ್ಲೂ ಗಾಳಿ ತಿರುಗಿತು. ನೆರಿಸ್ ಒಂದೆರಡು ಸಲ ಮರೆತು ವೆಲ್ಷಿನಲ್ಲೇ ಚಿಲ್ಲರೆ ಕೇಳಿದಳು. ಮರೆತು ಕೇಳಿದ್ದು ಅನ್ನುವುದೇ ಬ್ರೆಂಡಾಳಿಗೆ ಹಬ್ಬ.

ಹೊಸ ವರ್ಷ ಕಳೆದ ಮೇಲೆ ಇಸ್ತ್ರಿ ಮಾಡುತ್ತಾ ಮಾರ್ಗೆಡ್ ಒಂದು ಹಾಡು ಗುನುಗಿದಳು. ಕ್ರಿಸ್ತ ಹುಟ್ಟಿದ್ದು, ಕುರಿ ಕಾಯುವವರು ಎದ್ದು ಬಂದದ್ದು, ಹಿಮದಲ್ಲಿ ಹೆಜ್ಜೆ ಮೂಡದೆ ಹೋದದ್ದು. ಉದ್ದನೆಯ ಹಾಡು, ರಾಗ ಮೊದಲು ನೆಲದಲ್ಲೇ ತೆವಳಿ, ಮೂರನೇ ಚರಣದಲ್ಲಿ ಇದ್ದಕ್ಕಿದ್ದಂತೆ ಮೇಲೇಳುತ್ತಿತ್ತು.

"ಯಾರದು ಹಾಡು?" ಬ್ರೆಂಡಾ ಕೇಳಿದಳು.

"ನಮ್ಮಪ್ಪ ಕಟ್ಟಿದ್ದು. ಈ ಊರಿನ ಪ್ಲಗೈನಿಗೆ ಅಂತಲೇ ಕಟ್ಟಿದ್ದು. ಕಲೀತೀಯಾ?"

ಪ್ಲಗೈನ್ ಅಂದರೆ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಹಳೇ ಹಾಡು ಹಾಡುವ ಸಂಜೆ. ಕ್ರಿಸ್‌ಮಸ್‌ನಿಂದ ಶುರುವಾಗಿ ಒಂದೊಂದು ಊರಲ್ಲಿ ಒಂದೊಂದು ದಿನ ನಡೆಯುತ್ತದೆ. ವಾದ್ಯವಿಲ್ಲ, ಹೆಸರು ಕರೆಯುವುದಿಲ್ಲ. ಪಾದ್ರಿ ಪ್ಲಗೈನ್ ತೆರೆಯಿತು ಅಂದಮೇಲೆ ಯಾರಿಗೆ ಏಳಬೇಕೋ ಅವರು ಎದ್ದು, ಮುಂದೆ ಹೋಗಿ, ಹಾಡಿ ಬಂದು ಕೂರುತ್ತಾರೆ. ಒಬ್ಬರು ಹಾಡಿದ ಹಾಡನ್ನು ಆ ಸಂಜೆ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಇಷ್ಟು ಬ್ರೆಂಡಾಳಿಗೂ ಗೊತ್ತಿತ್ತು. ವರ್ಷಾ ವರ್ಷಾ ಹಿಂದಿನ ಬೆಂಚಿನಲ್ಲಿ ಕೂತು ಕೇಳಿ ಬಂದಿದ್ದಳು, ಭಾಷೆ ಬಾರದ ಕಿವಿಗೆ ಎಲ್ಲ ಹಾಡೂ ಒಂದೇ ಥರ.

ಗೊತ್ತಿಲ್ಲದ್ದು ಇನ್ನೊಂದಿತ್ತು. ಅಲ್ಲಿ ಒಂದೊಂದು ಮನೆಗೆ ಒಂದೊಂದು ಹಾಡು. ಆ ಮನೆಯವರು ಇರುವ ತನಕ ಬೇರೆಯವರು ಅದಕ್ಕೆ ಬಾಯಿ ಹಾಕುವುದಿಲ್ಲ. ಅದನ್ನು ಯಾರೂ ನಿಯಮ ಅಂತ ಹೇಳಿಕೊಡುವುದಿಲ್ಲ. ಪಕ್ಕದ ಮನೆಯವರ ಹಲ್ಲುಜ್ಜುವ ಬ್ರಷ್ ಮುಟ್ಟಬಾರದು ಅಂತ ಯಾರಾದರೂ ಬೋರ್ಡು ಹಾಕುತ್ತಾರೆಯೇ?

"ನೀನೇ ಬಂದು ಹಾಡಬಹುದಲ್ಲ" ಅಂದಳು ಬ್ರೆಂಡಾ.

ಮಾರ್ಗೆಡ್ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎಳೆದಳು. "ಆ ಚರ್ಚಿಗೆ ನಾನು ಕಾಲಿಟ್ಟು ಇಪ್ಪತ್ತು ವರ್ಷದ ಮೇಲಾಯ್ತು. ನನ್ನ ಬದಲಿಗೆ ನೀನು ಹಾಡು. ಅಪ್ಪನ ಹಾಡು ನನ್ನ ಜೊತೆಗೇ ಮಣ್ಣಿಗೆ ಹೋಗೋದು ಬೇಡ."

ಬೇರೆ ಯಾರಾದರೂ ಆಗಿದ್ದರೆ, ಯಾಕೆ ಕಾಲಿಟ್ಟಿಲ್ಲ ಅಂತ ಕೇಳುತ್ತಿದ್ದರು. ಬ್ರೆಂಡಾಳಿಗೆ ಕೇಳಲು ತೋಚಲೇ ಇಲ್ಲ. ನನ್ನ ಬದಲಿಗೆ ನೀನು ಅನ್ನುವ ಮಾತೇ ಅವಳ ತಲೆಗೇರಿ ಕೂತಿತ್ತು. ಎರಡು ವಾರ ಹಾಸಿಗೆ ಮಗುಚುವಾಗ, ಪಾತ್ರೆ ತೊಳೆಯುವಾಗ, ಒಬ್ಬಳೇ ಹಿಟ್ಟು ಕಲಸುವಾಗಲೂ ಅದೇ ಹಾಡು. ಮೂರನೇ ಚರಣದ ಏರು ಸರಿಯಾಗುವವರೆಗೆ ಮಾರ್ಗೆಡ್ ಬಿಡಲಿಲ್ಲ. "ಅಲ್ಲಿ ಉಸಿರು ಎಳೀಬೇಡ ಕಣೇ, ಅಪ್ಪ ಎಳೀತಿರಲಿಲ್ಲ. ಮತ್ತೆ ಶುರು ಮಾಡು."

ಪ್ಲಗೈನ್ ಇದ್ದದ್ದು ಭಾನುವಾರ. ಅದರ ಹಿಂದಿನ ದಿನ ಅಂಗಡಿಯಲ್ಲಿ ನೆರಿಸ್ ಇಂಗ್ಲಿಷಿನಲ್ಲಿ ಹೇಳಿದಳು: "ನಾಳೆ ಚರ್ಚು ತುಂಬುತ್ತೆ, ಬೇಗ ಬನ್ನಿ. ಪಂತ್‌ಗ್ಲಾಸ್ ತೋಟದ ಇಡ್ವಾಲ್ ಇದಾರಲ್ಲ, ಅವರ ಗಂಟಲಿಗೆ ಕ್ಯಾನ್ಸರ್. ಸೋಮವಾರ ದೊಡ್ಡಾಸ್ಪತ್ರೆಗೆ ಹೋಗ್ತಾರೆ, ಧ್ವನಿಪೆಟ್ಟಿಗೆಯನ್ನೇ ತೆಗೀತಾರಂತೆ. ನಾಳೆ ಹಾಡಿದ್ದೇ ಕೊನೆ." ಬ್ರೆಂಡಾ ಅಯ್ಯೋ ಪಾಪ ಅಂದಳು. ಇಡ್ವಾಲ್ ಮಾರ್ಗೆಡಳ ಒಡಹುಟ್ಟಿದ ತಮ್ಮ ಅಂತ ನೆರಿಸ್ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಊರಿನ ಇಂಥ ಹುಣ್ಣುಗಳನ್ನು ಇಂಗ್ಲಿಷಿನಲ್ಲಿ ಬಿಚ್ಚುವ ರೂಢಿಯೇ ಅಲ್ಲಿಲ್ಲ.

ಆ ಸಂಜೆ ಮಾರ್ಗೆಡ್ ಎರಡೇ ಮಾತು ಹೇಳಿಕೊಟ್ಟಳು. "ಮೊದಲು ಎದ್ದುಬಿಡು. ಕೂತ್ರೆ ಕಾಲು ನಡುಗುತ್ತೆ. ಇನ್ನೊಂದು, ಹಾಡು ಮುಗಿದ ಮೇಲೆ ಅಲ್ಲಿ ಯಾರೂ ಚಪ್ಪಾಳೆ ಹೊಡೆಯಲ್ಲ. ಸದ್ದೇ ಇಲ್ಲ ಅಂದ್ರೆ ಚೆನ್ನಾಗಿ ಬಂತು ಅಂತ ತಿಳ್ಕೋ."

ಚರ್ಚು ಕಿಕ್ಕಿರಿದಿತ್ತು. ಮುಂದಿನ ಬೆಂಚಿನ ಅಂಚಿಗೆ ಇಡ್ವಾಲ್ ಕೂತಿದ್ದ. ಒಣಕಲು ಮನುಷ್ಯ, ಕುತ್ತಿಗೆಗೆ ಬೂದು ಮಫ್ಲರು. ಪಕ್ಕದಲ್ಲಿ ಅವನ ಮಗಳು. ಪಾದ್ರಿಯಮ್ಮ ಪ್ಲಗೈನ್ ತೆರೆಯಿತು ಅಂದಳು. ಮೊದಲ ಸರದಿ ಯಾರದು ಅಂತ ಇಡೀ ಊರಿಗೆ ಗೊತ್ತಿತ್ತು, ಅದಕ್ಕೇ ಯಾರೂ ಏಳಲಿಲ್ಲ. ಇಡ್ವಾಲ್ ಮಫ್ಲರು ಬಿಚ್ಚಿದ, ಬೆಂಚಿನ ತುದಿ ಹಿಡಿದುಕೊಂಡ. ಅಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸದ್ದಾಯಿತು. ಬ್ರೆಂಡಾ ಯಾರ ಮುಖವನ್ನೂ ನೋಡದೆ, ನೋಡಿದರೆ ಧೈರ್ಯ ಹೋಗುತ್ತದೆ ಅಂತ, ನೆಟ್ಟಗೆ ಮುಂದೆ ಬಂದು ನಿಂತಳು.

ಹಾಡಿದಳು. ಚೆನ್ನಾಗಿಯೇ ಹಾಡಿದಳು, ಅದೇ ಸಂಕಟ. ತಪ್ಪುತಪ್ಪಾಗಿ ಹಾಡಿದ್ದರೆ ನಕ್ಕು ಮರೆಯಬಹುದಿತ್ತು. ಮೊದಲ ಸಾಲಿಗೇ ಇಡ್ವಾಲನ ಕೈ ಬೆಂಚಿನಿಂದ ಜಾರಿತು. ಮೂರನೇ ಚರಣದಲ್ಲಿ ಬ್ರೆಂಡಾ ಉಸಿರು ಎಳೆಯದೆ ರಾಗ ಮೇಲೇರಿಸಿದಾಗ ಅವನು ಕಣ್ಣು ಮುಚ್ಚಿಕೊಂಡ. ಹಾಡು ಮುಗಿಯಿತು. ಚರ್ಚಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಬ್ರೆಂಡಾಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆಮೇಲೆ ಒಂದೊಂದೇ ಗುಂಪು ಎದ್ದು ಹಾಡಿತು. ಇಡ್ವಾಲ್ ಏಳಲಿಲ್ಲ. ಕೊನೆಯಲ್ಲಿ ಊರಿನ ಗಂಡಸರೆಲ್ಲ ಮುಂದೆ ಹೋಗಿ ಒಟ್ಟಿಗೆ ಹಾಡುವ ಹಾಡಿಗೂ ಏಳಲಿಲ್ಲ. ಪಾಪ, ಗಂಟಲು ತೀರ ಕೆಟ್ಟಿರಬೇಕು ಅಂದುಕೊಂಡಳು ಬ್ರೆಂಡಾ.

ಊಟ ಚರ್ಚಿನ ಪಕ್ಕದ ಸಭಾಂಗಣದಲ್ಲಿತ್ತು. ಹ್ಯಾಮ್, ಉಪ್ಪಿನಕಾಯಿ ಈರುಳ್ಳಿ, ಬೆಣ್ಣೆ ಹಚ್ಚಿದ ಒಣದ್ರಾಕ್ಷಿ ಬ್ರೆಡ್ಡು. ಬ್ರೆಂಡಾ ಒಳಗೆ ಬಂದಳು. ಮಾತು ನಿಂತಿತು. ನೆರಿಸ್ ತಟ್ಟೆ ಹಿಡಿದು ಬಂದು ಇಂಗ್ಲಿಷಿನಲ್ಲಿ "ಬಹಳ ಸ್ಪಷ್ಟವಾಗಿ ಹಾಡಿದ್ರಿ ಬ್ರೆಂಡಾ" ಅಂದಳು. ಬ್ರೆಂಡಾ ವೆಲ್ಷಿನಲ್ಲಿ ಥ್ಯಾಂಕ್ಸ್ ಹೇಳಿದಳು. ನೆರಿಸ್ ಮತ್ತೆ ಇಂಗ್ಲಿಷಿನಲ್ಲಿ, "ಚಹಾ ಬೇಕಾ?" ಒಬ್ಬೊಬ್ಬರೇ ಬಂದು, ಒಂದೊಂದು ಒಳ್ಳೆ ಮಾತು ಹೇಳಿ, ಹಿಂದೆ ಸರಿದರು. ಎಲ್ಲ ಇಂಗ್ಲಿಷು, ಎಲ್ಲ ಮರ್ಯಾದೆ. ಏಳು ವರ್ಷದ ಹಿಂದೆ ಊರಿಗೆ ಬಂದ ದಿನ ಎಷ್ಟಿತ್ತೋ ಅಷ್ಟೇ. ಅವಳಿಗೆ ಏನೋ ಆಗಿದೆ ಅಂತ ತಿಳಿಯಿತು, ಏನು ಅಂತ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ್ದು ಇಡ್ವಾಲ್. ಒಳಗೆ ಬಂದು, ಟೋಪಿ ತೆಗೆದು, ಅಡುಗೆಮನೆಯ ಮಧ್ಯೆ ನಿಂತ. ದನಿ ಆಗಲೇ ಮರಳಿನ ಮೇಲೆ ತಗಡು ಎಳೆದ ಹಾಗಿತ್ತು. ಆದರೆ ಅವನು ಆಡಿದ್ದು ವೆಲ್ಷ್! ಹಿಂದೆಂದೂ ಅವಳಿಗೆ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಹೇಳದ ಮನುಷ್ಯ. ಬ್ರೆಂಡಾ ಹಿಗ್ಗಿದಳು. ಕೂರಿ, ಚಹಾ ಮಾಡ್ತೀನಿ ಅಂದಳು.

"ಚಹಾ ಬೇಡ. ಆ ಹಾಡು ನಿಮಗೆ ಕಲಿಸಿದ್ದು ಮಾರ್ಗೆಡ್ ತಾನೆ?"

"ಹೌದು. ಅವರಪ್ಪ ಕಟ್ಟಿದ್ದಂತೆ."

"ನಮ್ಮಪ್ಪ" ಅಂದ ಇಡ್ವಾಲ್. "ಅವಳು ನಮ್ಮಕ್ಕ. ಆ ಹಾಡು ಪಂತ್‌ಗ್ಲಾಸ್ ಮನೇದು. ಈಗ ಬಾಯಲ್ಲಿ ಇಟ್ಕೊಂಡಿರೋರು ನಾವಿಬ್ಬರೇ. ನಿನ್ನೆ ನಾನು ಹಾಡಬೇಕಿತ್ತು."

ಬ್ರೆಂಡಾಳ ಕೈಯಲ್ಲಿದ್ದ ಕೆಟಲ್ ಕೈಯಲ್ಲೇ ಉಳಿಯಿತು. ಮೊದಲು ಎದ್ದುಬಿಡು ಅಂದದ್ದು, ಏರು ಸರಿಯಾಗುವವರೆಗೆ ಬಿಡದೆ ಹಾಡಿಸಿದ್ದು, ಎಲ್ಲ ಒಂದೊಂದಾಗಿ ನೆನಪಾಗಿ ಅವಳ ಮುಖ ಬಿಳಿಚಿತು. "ನನಗೆ ಗೊತ್ತಿರಲಿಲ್ಲ. ದೇವರಾಣೆ, ಗೊತ್ತಿರಲಿಲ್ಲ. ಕ್ಷಮಿಸಿ."

"ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಇದರಲ್ಲಿ ಲೆಕ್ಕಕ್ಕೇ ಇಲ್ಲ" ಅಂದ ಅವನು. ಒಳ್ಳೆಯ ಮನಸ್ಸಿನಿಂದಲೇ ಅಂದ. "ಅಪ್ಪ ತೀರಿಕೊಂಡ ವರ್ಷ, ಪ್ಲಗೈನಿನಲ್ಲಿ, ಈ ಹಾಡಿಗೆ ನಾನು ಹೆಂಡತಿ ಜೊತೆ ಎದ್ದು ಮುಂದೆ ಹೋದೆ. ಮಾರ್ಗೆಡ್ ನನ್ನ ಪಕ್ಕದಲ್ಲೇ ಕೂತಿದ್ಲು, ಹಾಡಕ್ಕೆ ಅಂತ ಬಂದಿದ್ಲು. ಅವಳನ್ನ ಏಳು ಅನ್ನಲಿಲ್ಲ. ಹೆಂಡತಿಗೂ ಅವಳಿಗೂ ಆಗ್ತಿರಲಿಲ್ಲ, ನಾನು ಸುಮ್ಮನಾದೆ. ಊರೆದುರು ಅವಳು ಬೆಂಚಿನಲ್ಲಿ ಕೂತೇ ಉಳಿದ್ಲು. ಅವತ್ತಿಂದ ನನ್ನ ಜೊತೆ ಒಂದು ಮಾತಿಲ್ಲ. ನಿನ್ನೆ ಮಾತಾಡಿದ್ಲು, ನಿಮ್ಮ ಬಾಯಿಂದ."

ಕಿಟಕಿಯ ಕಡೆ ತಿರುಗಿದ. "ಮೂರನೇ ಚರಣದ ಏರು ನಾನು ಮರ್ತೇಬಿಟ್ಟಿದ್ದೆ. ಅವಳು ಮರ್ತಿಲ್ಲ. ನೀವು ಅವಳಿಗೊಂದು ಮಾತು ಹೇಳಬೇಕು, ನಾನು ಹೇಳಿದ ಹಾಗೇ. ನಾನೇ ಹೋದ್ರೆ ಬಾಗಿಲು ತೆಗೆಯಲ್ಲ ಅವಳು. ಹೀಗೆ ಹೇಳಿ. 'ಅಕ್ಕ, ಅವತ್ತು ನಾನು ಮಾಡಿದ್ದು ತಪ್ಪು. ಮಧ್ಯಾಹ್ನ ಹನ್ನೆರಡಕ್ಕೆ ಮಗಳು ನನ್ನ ಕರ್ಕೊಂಡು ಹೋಗ್ತಾಳೆ. ನಾಳೆಯಿಂದ ನನಗೆ ದನಿ ಇರಲ್ಲ. ತಪ್ಪಾಯ್ತು ಅನ್ನೋದನ್ನ ನನ್ನ ಬಾಯಲ್ಲೇ ಕೇಳಬೇಕು ಅಂದ್ರೆ ಬಸ್ ಸ್ಟಾಪಿನ ಹತ್ರ ನಿಂತಿರು.' ಈಗ ನೀವು ಹೇಳಿ, ಕೇಳೋಣ."

ಬ್ರೆಂಡಾ ಹೇಳಿದಳು. ಅವನು ಒಂದು ಕಡೆ ತಿದ್ದಿದ. ಮತ್ತೆ ಹೇಳಿದಳು. ಒಂದಕ್ಷರ ತಪ್ಪಿಲ್ಲ. ಇಡ್ವಾಲ್ ತಲೆಯಾಡಿಸಿ ಟೋಪಿ ಹಾಕಿಕೊಂಡ. ಬಾಗಿಲಲ್ಲಿ ನಿಂತು, ಇಂಗ್ಲಿಷಿನಲ್ಲಿ, "ಬಹಳ ಉಪಕಾರವಾಯ್ತು ಮಿಸೆಸ್ ವಿಟ್ಲಾಕ್. ಮನೆ ಚೆನ್ನಾಗಿಟ್ಕೊಂಡಿದೀರಿ" ಅಂದು ಹೊರಟುಹೋದ.

ಬ್ರೆಂಡಾ ಮುಚ್ಚಿದ ಬಾಗಿಲನ್ನೇ ನೋಡುತ್ತಾ ನಿಂತಳು. ಮೊದಲು ಅಳು ಬಂತು, ಆಮೇಲೆ ಅಳುವನ್ನೂ ನುಂಗುವಂಥ ಸಿಟ್ಟು ಬಂತು. ಅಕ್ಕ ಅವಳ ಬಾಯಿ ಎರವಲು ತಂದಳು, ತಮ್ಮ ಅದರಲ್ಲೇ ಉತ್ತರ ಕಳಿಸುತ್ತಿದ್ದಾನೆ. ಇಬ್ಬರೂ ವೆಲ್ಷ್ ಆಡಿದ್ದು ಒಬ್ಬರಿಗೊಬ್ಬರು, ಅವಳ ಜೊತೆಯಲ್ಲ. ಆ 'ನೀನು' ಕೂಡ? 'ಕಣೇ' ಕೂಡ? ಏಳು ವರ್ಷ ಕಾದು ಗಿಟ್ಟಿಸಿಕೊಂಡದ್ದು ಇದು! ಲೆಕ್ಕಕ್ಕೇ ಇಲ್ಲ ಅಂದನಲ್ಲ.

ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಹೊತ್ತಿರುವಾಗ ಮಾರ್ಗೆಡ್ ಬಂದಳು. ಏಪ್ರನ್ ಕಟ್ಟಿಕೊಳ್ಳುತ್ತಾ ಅವಳು ಅಡ್ಡಮಾತು ಆಡಲಿಲ್ಲ.

"ಅವನ ಗಾಡಿ ಬಾಗಿಲಲ್ಲಿ ನಿಂತಿತ್ತಲ್ಲ."

ಬ್ರೆಂಡಾ ಮಹಡಿಗೆ ಹೋದಳು. ಮಾರ್ಗೆಡ್ ಹಿಂದೆಯೇ ಬಂದಳು. ರಸ್ತೆ ಕಡೆಯ ಕೋಣೆಯಲ್ಲಿ ಒಣಗಿದ ದುಪ್ಪಟಿ ರಾಶಿ ಬಿದ್ದಿತ್ತು. ಬ್ರೆಂಡಾ ಒಂದನ್ನು ಎಳೆದಳು, ಮಾರ್ಗೆಡ್ ಅಭ್ಯಾಸಬಲದಿಂದ ಇನ್ನೊಂದು ತುದಿ ಹಿಡಿದಳು. ಕಿಟಕಿಗೆ ಬೆನ್ನು ಮಾಡಿ ನಿಂತಿದ್ದಳು.

"ಏನಂದ? ಬೈದ್ನಾ? ಬೈದಿದ್ರೆ ಬೈದ ಹಾಗೇ ಹೇಳು ಕಣೇ. ಅವನ ಬಾಯಲ್ಲಿ ಏನು ಬಂತೋ ಅದನ್ನೇ ಹೇಳು. ನೀನು ನನ್ನ ಮೇಲೆ ಆಮೇಲೆ ಸಿಟ್ಟು ಮಾಡ್ಕೋ, ನಾನು ಮಾಡಿದ್ದು ಹಲ್ಕಾ ಕೆಲಸವೇ, ಒಪ್ಕೋತೀನಿ. ನಿನ್ನೆ ರಾತ್ರಿಯೆಲ್ಲ ಮನೇಲಿ ಎಚ್ಚರವಾಗೇ ಕೂತಿದ್ದೆ. ಅವನು ಕೇಳ್ದಾ, ಕೇಳಿಸ್ಕೊಂಡ್ನಾ ಅಂತ. ಹೇಳೇ, ಏನಂದ?"

ಬ್ರೆಂಡಾಳ ನಾಲಿಗೆಯ ತುದಿಯಲ್ಲಿ ಅಷ್ಟೂ ಮಾತು ಸಾಲಾಗಿ ನಿಂತಿದ್ದವು. ಅಕ್ಕ ಅನ್ನುವುದರಿಂದ ಹಿಡಿದು ಬಸ್ ಸ್ಟಾಪಿನವರೆಗೆ, ತಿದ್ದಿಸಿಕೊಂಡ ಜಾಗವೂ ಸೇರಿ. ಬಾಯಿ ತೆರೆದಳು. ಆ ಹೊಸಿಲೊಳಗೆ ನವೆಂಬರಿನಿಂದ ಅವರಿಬ್ಬರೂ ಆಡದ ಇಂಗ್ಲಿಷಿನಲ್ಲಿ ಹೇಳಿದಳು:

"ಗೊತ್ತಾಗಲಿಲ್ಲ ಮಾರ್ಗೆಡ್. ತುಂಬಾ ವೇಗವಾಗಿ ಮಾತಾಡಿದ್ರು. ನನ್ನ ವೆಲ್ಷ್ ಎಷ್ಟರದ್ದು ಅಂತ ನಿಮಗೆ ಗೊತ್ತಲ್ಲ."

ಮಾರ್ಗೆಡ್ ಅವಳನ್ನೇ ನೋಡಿದಳು. "ಒಂದು ಮಾತೂ ಗೊತ್ತಾಗಲಿಲ್ವಾ?" ವೆಲ್ಷಿನಲ್ಲೇ ಕೇಳಿದಳು.

"ಒಂದೂ ಇಲ್ಲ" ಇಂಗ್ಲಿಷಿನಲ್ಲೇ ಅಂದಳು ಬ್ರೆಂಡಾ.

ಚರ್ಚಿನ ಗಡಿಯಾರ ಹನ್ನೆರಡು ಹೊಡೆಯಿತು. ಮಾರ್ಗೆಡಳ ಹೆಗಲ ಮೇಲಿಂದ ಬ್ರೆಂಡಾಳಿಗೆ ರಸ್ತೆ ಕಾಣುತ್ತಿತ್ತು. ಕಾರು ಬಂತು, ಖಾಲಿ ಬಸ್ ಸ್ಟಾಪಿನ ಹತ್ತಿರ ನಿಂತಿತು. ಎಂಜಿನ್ ಆಫ್ ಮಾಡಲಿಲ್ಲ. ಬೂದು ಮಫ್ಲರಿನ ಮನುಷ್ಯ ಗಾಜು ಇಳಿಸಿ ಊರಿನ ಕೊನೆಯ ಮನೆಯ ಕಡೆಗೇ ನೋಡುತ್ತಾ ಕೂತಿದ್ದ. ಈಗಲಾದರೂ ಹೇಳಬಹುದಿತ್ತು. ಒಂದು ಮಾತು ಸಾಕಿತ್ತು, ತಿರುಗಿ ನೋಡು ಅನ್ನುವ ಒಂದೇ ಮಾತು. ಯಾವ ಭಾಷೆಯಲ್ಲಿ ಹೇಳಿದ್ದರೂ ಆಗುತ್ತಿತ್ತು. ಬ್ರೆಂಡಾ ದುಪ್ಪಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಗಾಜು ಮೇಲೇರಿತು, ಕಾರು ತಿರುವಿನಲ್ಲಿ ಮರೆಯಾಯಿತು.

"ಹೋಗ್ಲಿ ಬಿಡಿ ಬ್ರೆಂಡಾ" ಅಂದಳು ಮಾರ್ಗೆಡ್, ಇಂಗ್ಲಿಷಿನಲ್ಲಿ, ಅಂಗಡಿಯಲ್ಲಿ ನೆರಿಸ್ ಆಡುವಷ್ಟೇ ಮರ್ಯಾದೆಯಿಂದ. "ಕಷ್ಟದ ಭಾಷೆ ಅದು. ನೀವು ಪಾಪ ಬಹಳ ಶ್ರಮಪಟ್ರಿ. ಆ ಮೂಲೆ ಇತ್ತ ಕೊಡಿ."

ಬ್ರೆಂಡಾ ಮೂಲೆ ಕೊಟ್ಟಳು.